ಸದ್ದಿಲ್ಲದೆ ಬಂದ ದವಡೆ ಹಲ್ಲು

ಮೂರು ದಿನದಿಂದ ನಮ್ಮ ಬಚ್ಚಲುಮನೆಯಲ್ಲಿ ಸ್ಟ್ರಾಬೆರಿಯ ವಾಸನೆ. ಹಣ್ಣಿನದಲ್ಲ, ಮಕ್ಕಳ ಟೂತ್‌ಪೇಸ್ಟಿನದು. ನನ್ನ ಹೆಂಡತಿ ವೀಣಾಳ ತಂಗಿ ತನ್ನ ಆರು ವರ್ಷದ ಮಗಳು ಚಿನ್ಮಯಿಯನ್ನು ಬೇಸಿಗೆ ರಜೆಗೆಂದು ಬಿಟಿಎಂ ಲೇಔಟಿನಿಂದ ಕರೆತಂದು ನಮ್ಮ ಚಿಕ್ಕಲಸಂದ್ರದ ಮನೆಯಲ್ಲಿ ಬಿಟ್ಟು ಹೋಗಿದ್ದಾಳೆ. ಜೊತೆಗೆ ಎರಡು ಚೀಲ ಬಟ್ಟೆ, ಕಿವಿ ಹರಿದ ಒಂದು ಮೊಲದ ಗೊಂಬೆ, ಪುಟ್ಟದೊಂದು ಬ್ರಷ್ಷು, ಮತ್ತು ಈ ಪೇಸ್ಟು. ಬೆಳಿಗ್ಗೆ ಮುಖ ತೊಳೆಯಲು ಹೋದವನು ಆ ವಾಸನೆ ಮೂಗಿಗೆ ಬಡಿದ ಕೂಡಲೇ ನಲ್ಲಿ ತಿರುಗಿಸಿದ್ದನ್ನೂ ಮರೆತು ನಿಂತುಬಿಡುತ್ತೇನೆ. ನೀರು ಹರಿಯುತ್ತಿರುತ್ತದೆ. ವೀಣಾ ಅಡುಗೆಮನೆಯಿಂದ ಕೂಗುತ್ತಾಳೆ: "ರೀ, ಟ್ಯಾಂಕ್ ಖಾಲಿಯಾಗುತ್ತೆ!"

ಆ ಮಗುವಿನ ಬಾಯಿಯೊಳಗೆ ಒಮ್ಮೆ ಇಣುಕಿ ನೋಡಬೇಕು. ಇದು ನನ್ನ ಮೂರು ದಿನದ ಚಡಪಡಿಕೆ. ಆದರೆ ಬೇರೆಯವರ ಮಗುವಿನ ದವಡೆ ಹಿಡಿದು ಟಾರ್ಚ್ ಬಿಡುವುದು ಹೇಗೆ, ನೀವೇ ಹೇಳಿ? ನಿನ್ನೆ ಅವಳು ಸೋಫಾದ ಮೇಲೆ ಕೂತು ಆಕಳಿಸಿದಳು. ಕೈಯಲ್ಲಿ ಕಾಫಿ ಲೋಟ ಇರುವುದೂ ನೆನಪಿಲ್ಲದೆ ನಾನು ಬಗ್ಗಿದೆ.

"ದೊಡ್ಡಪ್ಪ, ಯಾಕೆ ಹಂಗ್ ನೋಡ್ತೀಯ?"

"ಏನಿಲ್ಲ ಪುಟ್ಟಿ," ಎನ್ನುತ್ತ ನೆಲ ಒರೆಸುವ ಬಟ್ಟೆ ಹುಡುಕಿಕೊಂಡು ಹೋದೆ.

ನಾನು ಚಿಂತೆ ಮಾಡುವ ಮನುಷ್ಯ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ನಾವು ಊರಿಗೆ ಹೊರಟಾಗ ಮನೆಗೆ ಬೀಗ ಹಾಕಿದ ಮೇಲೆ ವೀಣಾ ಆ ಬೀಗದ ಫೋಟೊ ತೆಗೆದು ನನ್ನ ಮೊಬೈಲಿಗೆ ಕಳಿಸುತ್ತಾಳೆ, ಬನಶಂಕರಿ ಬಸ್ ನಿಲ್ದಾಣದಿಂದ ನಾನು ವಾಪಸ್ ಓಡದಿರಲಿ ಎಂದು. ನಾನು ಫೋಟೊ ನೋಡುತ್ತೇನೆ. ಎರಡು ನಿಮಿಷ ಸಮಾಧಾನವಾಗುತ್ತದೆ. ಆಮೇಲೆ, ಇದು ಇವತ್ತಿನ ಫೋಟೊನೋ ಹೋದ ಸಲದ್ದೋ ಎಂಬ ಚಿಂತೆ ಶುರುವಾಗುತ್ತದೆ.

ಇಂಥವನಿಗೆ ಮಗಳು ಹುಟ್ಟಿದರೆ ಏನಾಗಬಹುದೋ ಅದೇ ಆಯಿತು. ಸಹನಾಗೆ ಈಗ ಹದಿನಾರು. ಹನ್ನೊಂದು ತಿಂಗಳಾದರೂ ಅವಳಿಗೆ ಮೊದಲ ಹಲ್ಲು ಬರಲಿಲ್ಲವೆಂದು ನಾನು ದಿನವೂ ಬೆರಳಿನಿಂದ ವಸಡು ಸವರಿ ನೋಡುತ್ತಿದ್ದೆ. ಹಲ್ಲು ಬಂದದ್ದು ನನಗೆ ಗೊತ್ತಾದದ್ದು ಅವಳು ಆ ಬೆರಳನ್ನು ಕಚ್ಚಿದಾಗ. ನಿದ್ದೆಯಲ್ಲಿ ಹಲ್ಲು ಕಡಿದಳೆಂದು ಹೊಟ್ಟೆಯಲ್ಲಿ ಹುಳವಿದೆ ಎಂದು ತೀರ್ಮಾನಿಸಿ ಮಕ್ಕಳ ಡಾಕ್ಟರ ಮುಂದೆ ಕೂತೆ. ಹುಳಕ್ಕೂ ಇದಕ್ಕೂ ಸಂಬಂಧವಿಲ್ಲ, ಬಹಳ ಮಕ್ಕಳು ಕಡಿಯುತ್ತಾರೆ, ಬೆಳೆಯುತ್ತ ನಿಲ್ಲುತ್ತದೆ ಎಂದು ಅವರು ಬರಿಗೈಯಲ್ಲಿ ಕಳಿಸಿದರು. ಕೆಳಗಿನ ಮುಂದಿನ ಹಾಲು ಹಲ್ಲು ಬೀಳುವ ಮೊದಲೇ ಅದರ ಹಿಂದೆ ಹೊಸದೊಂದು ಮೊಳೆತು ಎರಡು ಸಾಲಾದಾಗ, ಯಾರದೋ ಮದುವೆಯ ಊಟದ ಪಂಕ್ತಿಯಲ್ಲಿ, ಹೋಳಿಗೆ ಬಡಿಸುತ್ತಿದ್ದವರ ಎದುರೇ ನಾನು "ಅಯ್ಯೋ" ಎಂದು ಕೂಗಿದ್ದೆ. ಹಾಲು ಹಲ್ಲು ಕೆಲವು ವಾರದಲ್ಲಿ ಬಿತ್ತು, ಹೊಸದು ಮುಂದೆ ಸರಿಯಿತು. ಬಾಯಿಹುಣ್ಣಾದರೆ ದಿನಕ್ಕೆ ನಾಲ್ಕು ಸಲ ನಾಲಿಗೆ ಚಾಚಿಸುತ್ತಿದ್ದೆ. ಹುಣ್ಣು ವಾರದೊಳಗೆ ತಾನಾಗಿ ಮಾಯುತ್ತಿತ್ತು, ನಾನು ಮಾಯುತ್ತಿರಲಿಲ್ಲ.

ಇಷ್ಟೆಲ್ಲದರ ನಡುವೆ ಒಂದೇ ಒಂದು ವಿಷಯಕ್ಕೆ ನಾನು ತಲೆ ಕೆಡಿಸಿಕೊಳ್ಳಲಿಲ್ಲ. ಒಂಬತ್ತು ವರ್ಷದ ಹಿಂದೆ, ಸಹನಾಗೆ ಏಳು ನಡೆಯುತ್ತಿದ್ದಾಗ, ತಲೆ ಬಾಚುತ್ತಿದ್ದ ವೀಣಾ ಕರೆದಳು. "ರೀ, ಬನ್ನಿ ಇಲ್ಲಿ. ಹಿಂದಿನ ಹಲ್ಲಲ್ಲಿ ಏನೋ ಕಪ್ಪಗಿದೆ."

ನೋಡಿದೆ. ಬಲಗಡೆ, ಕೆಳಗೆ, ಕಟ್ಟಕಡೆಯ ದವಡೆ ಹಲ್ಲಿನ ನಡುವೆ ಸಾಸಿವೆಯಷ್ಟು ಕಪ್ಪು. ಆ ಭಾಗದಲ್ಲಿ ಅವಳ ಒಂದು ಹಲ್ಲೂ ಇನ್ನೂ ಬಿದ್ದಿರಲಿಲ್ಲ. ಅಂದ ಮೇಲೆ ಅಲ್ಲಿರುವುದೆಲ್ಲ ಹಾಲು ಹಲ್ಲೇ ಎಂದು ಲೆಕ್ಕ ಹಾಕಿದೆ.

"ಹಾಲು ಹಲ್ಲು ಕಣೇ. ಹೇಗೂ ಬಿದ್ದೋಗುತ್ತೆ. ಬಿಡು," ಎಂದೆ.

ವೀಣಾ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ಪರ್ವಾಗಿಲ್ವೇ! ಒಂದು ವಿಷಯಕ್ಕಾದ್ರೂ ಸುಮ್ನಿದ್ದೀರಲ್ಲ." ನನಗೆ ಎಂಥ ಹೆಮ್ಮೆಯಾಯಿತೆಂದರೆ, ಆ ಹೆಮ್ಮೆಯನ್ನು ಕಾಪಾಡಿಕೊಳ್ಳಲೆಂದೇ ಆಮೇಲೆ ತಿಂಗಳುಗಟ್ಟಲೆ ಆ ಕಡೆ ನೋಡಲಿಲ್ಲ.

ಅಷ್ಟರಲ್ಲಿ ನನಗೆ ಬೇರೆ ಕೆಲಸ ಸಿಕ್ಕಿತ್ತು. ಸಹನಾ ಊಟ ಮಾಡುವಾಗ ಕತ್ತನ್ನು ಎಡಕ್ಕೆ ವಾಲಿಸುತ್ತಿದ್ದಳು. ಕತ್ತು ನೋವೇನೋ ಎಂದು ದಿಂಬು ಬದಲಾಯಿಸಿದೆ. ಆಮೇಲೆ, ಓರೆಯಾಗಿ ನೋಡುತ್ತಾಳೆಂದರೆ ದೃಷ್ಟಿದೋಷವೇ ಇರಬೇಕು ಎನ್ನಿಸಿತು. ಜಯನಗರದ ಕಣ್ಣಿನ ಡಾಕ್ಟರ ಬಳಿಗೆ ಕರೆದೊಯ್ದೆ. ಅವರು ಅಕ್ಷರ ಓದಿಸಿದರು, ದೀಪ ಬಿಟ್ಟರು, ಬಣ್ಣ ಕೇಳಿದರು. ಕೊನೆಗೆ ಪೆನ್ನು ಕೆಳಗಿಟ್ಟು ಕೇಳಿದರು: "ಕಣ್ಣು ಚೆನ್ನಾಗಿದೆ ಸಾರ್. ಯಾವಾಗ ವಾಲಿಸ್ತಾಳೆ ಅಂದ್ರಿ?"

"ಊಟ ಮಾಡುವಾಗ."

"ಟೀವಿ ನೋಡುವಾಗ?"

"ಇಲ್ಲ."

"ಹಂಗಾದ್ರೆ ಬಾಯಿ ತೋರ್ಸಿ ಸಾರ್, ಕಣ್ಣಲ್ಲ."

ಮಗಳು ಆರು ತಿಂಗಳಿಂದ ಒಂದೇ ಕಡೆ ಅಗಿಯುತ್ತಿದ್ದಳು. ಗ್ಯಾಸಿನ ನಾಬನ್ನು ಮೂರು ಸಲ ಮುಟ್ಟಿ ನೋಡುವ ಅಪ್ಪನಿಗೆ ಅದು ಕಂಡಿರಲಿಲ್ಲ.

ಮಕ್ಕಳ ಹಲ್ಲಿನ ಡಾಕ್ಟರ ಕ್ಲಿನಿಕ್ಕು ಅಲ್ಲೇ ಎರಡು ಬೀದಿ ಆಚೆ, ಒಂದು ಬೇಕರಿಯ ಮೇಲಿನ ಮಹಡಿಯಲ್ಲಿತ್ತು. ಬೆಣ್ಣೆ ಬಿಸ್ಕತ್ತಿನ ಪರಿಮಳದ ನಡುವೆಯೇ ಮೆಟ್ಟಿಲು ಹತ್ತಬೇಕು. ಡಾಕ್ಟರು ಐವತ್ತರ ಆಸುಪಾಸಿನ ಹೆಂಗಸು. ಸಹನಾಳನ್ನು ಕುರ್ಚಿಯಲ್ಲಿ ಕೂರಿಸಿ, ಪುಟ್ಟ ಕನ್ನಡಿಯನ್ನು ಅವಳ ಕೈಗೇ ಕೊಟ್ಟು, "ಮೊದ್ಲು ನೀನು ನೋಡ್ಕೋ, ಆಮೇಲೆ ನಂಗೆ ತೋರ್ಸು," ಎಂದರು. ನೋಡಿದ ಮೇಲೆ ನನ್ನ ಮತ್ತು ವೀಣಾಳ ಕಡೆ ತಿರುಗಿದರು.

"ಯಾಕಿಷ್ಟು ದಿನ ಬಿಟ್ರಿ?"

"ಹಾಲು ಹಲ್ಲು ಅಂತ..." ಎಂದೆ.

"ಯಾರು ಹೇಳಿದ್ರು ಹಾಲು ಹಲ್ಲು ಅಂತ?"

ವೀಣಾ ನನ್ನ ಮುಖ ನೋಡಲಿಲ್ಲ. ನೋಡದೇ ಇದ್ದದ್ದೇ ಹೆಚ್ಚು ಚುಚ್ಚಿತು.

"ಇದು ಆರು ವರ್ಷಕ್ಕೆ ಬರೋ ದವಡೆ ಹಲ್ಲು ಸಾರ್. ಹಾಲು ಹಲ್ಲುಗಳ ಹಿಂದೆ, ಒಂದೂ ಬೀಳದೇ, ತನ್ನಷ್ಟಕ್ಕೆ ಬಂದು ಕೂತ್ಕೊಳ್ಳುತ್ತೆ. ಯಾವ್ದೂ ಬಿದ್ದಿಲ್ವಲ್ಲ ಅಂತ ಅಪ್ಪ ಅಮ್ಮ ಇದನ್ನೂ ಹಾಲು ಹಲ್ಲಿನ ಲೆಕ್ಕಕ್ಕೇ ಹಾಕ್ಬಿಡ್ತಾರೆ. ಇದಕ್ಕೆ ಬದಲಿ ಇಲ್ಲ. ಎಂಬತ್ತು ವರ್ಷಕ್ಕೂ ಇದೇ." ಆಮೇಲೆ ಸ್ವಲ್ಪ ತಡೆದು, "ಹಾಲು ಹಲ್ಲಾಗಿದ್ರೂ ಬಿಡೋ ಹಾಗಿಲ್ಲ. ಅದೂ ನೋಯುತ್ತೆ, ಕೀವಾಗುತ್ತೆ. ಬೇಗ ಕಿತ್ರೆ ಪಕ್ಕದ್ದು ವಾಲ್ಕೊಂಡು ಹೊಸದಕ್ಕೆ ಜಾಗ ಇರಲ್ಲ."

ಆಮೇಲೆ ವಿಚಾರಣೆ ಶುರುವಾಯಿತು. ಹಲ್ಲು ಯಾರು ಉಜ್ಜಿಸುತ್ತಾರೆ? ಅವಳೇ ಉಜ್ಜಿಕೊಳ್ಳುತ್ತಾಳೆ ಎಂದೆ, ಜಾಣೆಯ ಅಪ್ಪನ ಧ್ವನಿಯಲ್ಲಿ.

"ಶೂ ಲೇಸ್ ಕಟ್ಕೋತಾಳಾ?"

"ಇಲ್ಲ, ನಾನು ಕಟ್ತೀನಿ."

"ಲೇಸ್ ಕಟ್ಟಕ್ಕೆ ಬರದ ಕೈಗೆ ಕೊನೇ ಹಲ್ಲು ಉಜ್ಜಕ್ಕೆ ಬರುತ್ತಾ ಸಾರ್? ಎಂಟು ವರ್ಷದವರೆಗೂ ನೀವೇ ಉಜ್ಜಬೇಕು, ಬೆಳಿಗ್ಗೆ ಒಂದ್ಸಲ, ಮಲಗೋ ಮುಂಚೆ ಒಂದ್ಸಲ. ಫ್ಲೋರೈಡ್ ಇರೋ ಪೇಸ್ಟು, ಬಟಾಣಿ ಕಾಳಿನಷ್ಟು ಸಾಕು. ಮಲಗೋವಾಗ ಉಜ್ಜಿದ ಮೇಲೆ ಏನು ಕೊಡ್ತೀರಿ?"

"ಹಾಲು. ಸಕ್ಕರೆ ಇಲ್ಲ ಡಾಕ್ಟ್ರೇ, ಬೆಲ್ಲ."

ಬೆಲ್ಲ ಎಂದಾಗ ನನ್ನ ಧ್ವನಿಯಲ್ಲಿ ಕೊಂಚ ಗರ್ವವಿತ್ತು. ಮನೆಯಿಂದ ಬಿಳಿ ಸಕ್ಕರೆಯನ್ನು ಓಡಿಸಿದವನು ನಾನೇ.

"ಹಲ್ಲಿಗೆ ಎರಡೂ ಒಂದೇ. ಉಜ್ಜಿದ ಮೇಲೆ ನೀರು ಬಿಟ್ರೆ ಏನೂ ಬೇಡ. ನಿಜ ಹೇಳ್ಬೇಕಂದ್ರೆ, ಮೊದಲನೇ ಹುಟ್ಟುಹಬ್ಬದ ಹೊತ್ತಿಗೇ ಒಂದ್ಸಲ ತೋರಿಸ್ಬೇಕಿತ್ತು. ಆಗ ನೋಡಿದ್ರೆ ಇದೆಲ್ಲ ಹೇಳ್ತಿದ್ದೆ, ಆರಕ್ಕೆ ಈ ಹಲ್ಲು ಬಂದಾಗ ಹುಳುಕು ಹಿಡಿಯದ ಹಾಗೆ ಅದರ ಮೇಲಿನ ಹಳ್ಳ ಮುಚ್ಚಿಬಿಡ್ತಿದ್ದೆ."

ಹುಳುಕು ನರದ ತನಕ ಹೋಗಿತ್ತು. ಬೇರು ಇನ್ನೂ ಪೂರ್ತಿ ಬೆಳೆದಿಲ್ಲ ಎಂದರು. ಈಗ ನರವನ್ನೆಲ್ಲ ತೆಗೆದರೆ ಬೇರು ಅಲ್ಲೇ ನಿಲ್ಲುತ್ತದೆ, ಹಲ್ಲು ಹೆಚ್ಚು ಕಾಲ ಬಾಳುವುದಿಲ್ಲ. ಕೆಟ್ಟಿರುವ ಮೇಲ್ಭಾಗವನ್ನಷ್ಟೇ ತೆಗೆದು ಔಷಧಿ ತುಂಬಿ, ಕೆಳಗಿನ ಜೀವ ಉಳಿಯುತ್ತದೋ ನೋಡಬೇಕು. "ಉಳಿದ್ರೆ ಬೇರು ಬೆಳೆದು ತುದಿ ಮುಚ್ಕೊಳ್ಳುತ್ತೆ. ಇಲ್ಲಾಂದ್ರೆ ಕೀಳಬೇಕಾಗಬಹುದು. ಈಗಲೇ ಮಾತು ಕೊಡಲ್ಲ."

ಹಾಗೆನ್ನುತ್ತ ಅವರು ಸಹನಾಳ ಗಲ್ಲ ತಟ್ಟಿ ಕೇಳಿದರು: "ಇಷ್ಟು ದಿನ ನೋಯ್ತಿತ್ತಲ್ಲ ಕಂದ, ಅಪ್ಪಂಗೆ ಯಾಕೆ ಹೇಳ್ಲಿಲ್ಲ?"

ಅವಳು ನನ್ನ ಕಡೆ ಒಮ್ಮೆ ನೋಡಿದಳು. ಬಾಯಿ ಮುಚ್ಚಿಕೊಂಡಳು.

ಉತ್ತರ ನನಗೆ ಗೊತ್ತು ಎಂದುಕೊಂಡೆ. ಅವಳು ಉಜ್ಜಲು ಹಟ ಮಾಡಿದಾಗಲೆಲ್ಲ ನಾನು, ನೀವೂ ಎಂದಾದರೂ ಹೇಳಿರಬಹುದು, "ಉಜ್ಜದೇ ಇದ್ರೆ ಡಾಕ್ಟ್ರು ಇಷ್ಟುದ್ದ ಸೂಜಿ ಚುಚ್ತಾರೆ ನೋಡು," ಎಂದು ಎರಡೂ ಕೈ ಅಗಲಿಸಿ ತೋರಿಸುತ್ತಿದ್ದೆ. ಸೂಜಿಯ ಭಯಕ್ಕೆ ಮಗು ನೋವು ನುಂಗಿಕೊಂಡಿದೆ. ಕೈ ಕಟ್ಟಿ ಗೋಡೆಗೆ ಒರಗಿ ನಿಂತೆ. ಕಾಲು ಒಂದು ಕಡೆ ನಿಲ್ಲುತ್ತಿರಲಿಲ್ಲ.

ಮರಗಟ್ಟಿಸುವ ಔಷಧಿ ಹಾಕುವಾಗ ಡಾಕ್ಟರು ಕತ್ತೆತ್ತದೆ ಹೇಳಿದರು: "ಅಮ್ಮ ಇರ್ಲಿ. ಸಾರ್, ನೀವು ಹೊರಗೆ ಹೋಗಿ. ಮಗು ನನ್ನ ನೋಡ್ತಿಲ್ಲ, ನಿಮ್ಮ ಮುಖ ನೋಡ್ತಿದೆ."

ಹೋದೆ. ಮೆಟ್ಟಿಲಿಳಿದು ಬೇಕರಿಯ ಮುಂದೆ ನಿಂತು, ಏನು ಮಾಡುತ್ತಿದ್ದೇನೆಂದು ತಿಳಿಯದೆ ಒಂದು ದಿಲ್‌ಪಸಂದ್ ತಿಂದೆ. ತಿಂದ ಮೇಲೆ ನನ್ನದೇ ಹಲ್ಲು ಜುಮ್ಮೆಂದಿತು. ಮೇಲೆ ನೋಡಿದೆ. ಕಿಟಕಿ ಮುಚ್ಚಿತ್ತು.

ಅಲ್ಲಿಂದ ಒಂದೂವರೆ ವರ್ಷ ಆ ಮೆಟ್ಟಿಲು ಹತ್ತಿ ಇಳಿದೆವು. ಮೂರು ತಿಂಗಳಿಗೊಮ್ಮೆ ಎಕ್ಸ್‌ರೇ. ಬೆರಳಗಲದ ಆ ಕಪ್ಪು ಚಿತ್ರದಲ್ಲಿ ಬೇರಿನ ತುದಿ ಅಗಲ ಬಾಯಿ ತೆರೆದುಕೊಂಡು ಕಾಣುತ್ತಿತ್ತು. "ಇನ್ನೂ ತೆರೆದಿದೆ, ಆದ್ರೆ ಕೆಟ್ಟಿಲ್ಲ," ಎನ್ನುತ್ತಿದ್ದರು. ಕೆಟ್ಟಿಲ್ಲ ಎನ್ನುವುದನ್ನು ಬಿಟ್ಟು ತೆರೆದಿದೆ ಎನ್ನುವುದನ್ನು ಮಾತ್ರ ನಾನು ಮನೆಗೆ ತರುತ್ತಿದ್ದೆ. ಬೆಳಿಗ್ಗೆ ರಾತ್ರಿ ನಾನೇ ಉಜ್ಜಿಸಿದೆ, ಅವಳ ತಲೆಯನ್ನು ತೊಡೆಯ ಮೇಲೆ ಮಲಗಿಸಿಕೊಂಡು, ಸ್ಟ್ರಾಬೆರಿ ಪೇಸ್ಟನ್ನು ಬಟಾಣಿಯಷ್ಟು ಅಳೆದು. ಕೊನೆಗೊಂದು ಶನಿವಾರ ಡಾಕ್ಟರು ಚಿತ್ರವನ್ನು ಬೆಳಕಿಗೆ ಹಿಡಿದು, "ಮುಚ್ಕೊಂಡಿದೆ ಸಾರ್. ಗೆದ್ವಿ," ಎಂದರು. ಆ ಹಲ್ಲಿನ ಮೇಲೆ ಕ್ಯಾಪ್ ಕೂರಿಸಿದರು. ಅದು ಈಗಲೂ ಅವಳ ಬಾಯಲ್ಲಿದೆ, ಚಕ್ಕುಲಿ ಮುರಿಯುತ್ತದೆ.

ಹಲ್ಲು ಉಳಿಯಿತು. ಅವಳು ಹೇಳದೇ ಇದ್ದದ್ದು ಮಾತ್ರ ನನ್ನೊಳಗೆ ಹಾಗೇ ಉಳಿದಿತ್ತು.

ಇವತ್ತು ಬೆಳಿಗ್ಗೆ ದೋಸೆ ತಿನ್ನುವಾಗ ತಡೆಯಲಾಗಲಿಲ್ಲ. ಮೇಜಿನ ಒಂದು ಕಡೆ ನಾನು, ಎದುರಿಗೆ ಸಹನಾ, ಅವಳ ಪಕ್ಕ ಎರಡು ದಿಂಬಿನ ಮೇಲೆ ಚಿನ್ಮಯಿ.

"ಸಹನಾ, ನೀನು ಚಿಕ್ಕವಳಿದ್ದಾಗ ನಾನು ಸೂಜಿ ಸೂಜಿ ಅಂತ ಹೆದರಿಸ್ತಿದ್ನಲ್ಲ," ಎಂದೆ. "ಅದಕ್ಕೇ ಹಲ್ಲುನೋವು ಮುಚ್ಚಿಟ್ಟೆ ಅಲ್ವಾ? ತಪ್ಪಾಯ್ತು ಕಣಮ್ಮ."

ಅವಳು ಮೊಬೈಲಿಂದ ತಲೆಯೆತ್ತಿದಳು. "ಯಾವ ಸೂಜಿ?"

"ಇಷ್ಟುದ್ದ..." ಕೈ ಅಗಲಿಸಿದೆ.

"ಅದಾ!" ನಕ್ಕಳು. "ಅದನ್ನ ಯಾರಪ್ಪ ನಂಬ್ತಾರೆ? ಸೂಜಿಗೆಲ್ಲ ಅಲ್ಲ." ದೋಸೆಯ ಒಂದು ತುಂಡು ಮುರಿದು, ತಿನ್ನದೆ ಇಟ್ಟಳು. "ನೀನು ಹೆದರ್ಕೋತೀಯ ಅಂತ ಹೇಳ್ಲಿಲ್ಲ."

"ನಾನಾ?"

"ನಂಗೆ ಜ್ವರ ಬಂದ್ರೆ ನೀನು ಊಟ ಬಿಡ್ತಿದ್ದೆ. ಬಿದ್ದು ಮಂಡಿ ತರಚಿದ್ರೆ ನಿನ್ನ ಮುಖ ಬಿಳಿಚ್ಕೊಳ್ತಿತ್ತು. ಆಮೇಲೆ ನಾನೇ 'ಏನಾಗಿಲ್ಲಪ್ಪ, ಏನಾಗಿಲ್ಲಪ್ಪ' ಅಂತ ನಿನ್ನ ಸಮಾಧಾನ ಮಾಡ್ಬೇಕಿತ್ತು. ಹಲ್ಲು ನೋವನ್ನೇ ಹೇಗೋ ತಡ್ಕೋಬಹುದಿತ್ತು."

ಅಡುಗೆಮನೆಯಲ್ಲಿ ಕಾವಲಿಯ ಸದ್ದು ನಿಂತಿತು. ವೀಣಾಗೆ ಕೇಳಿಸಿತ್ತು.

ಒಂಬತ್ತು ವರ್ಷ ನಾನು ಎರಡು ಕೈಯಗಲದ ಸೂಜಿಯೊಂದಕ್ಕಾಗಿ ನನ್ನನ್ನು ಶಿಕ್ಷಿಸಿಕೊಂಡಿದ್ದೆ. ಚಿಂತೆ ಮಾಡುವುದೇ ಪ್ರೀತಿಯ ಕೆಲಸ ಎಂದು ತಿಳಿದಿದ್ದೆ. ನಾನು ಹೆಚ್ಚು ಹೆದರಿದಷ್ಟೂ ಮಗು ಹೆಚ್ಚು ಸುರಕ್ಷಿತ ಎಂಬ ಒಂದು ಗುಟ್ಟಿನ ನಂಬಿಕೆ. ಏಳು ವರ್ಷದ ಹುಡುಗಿ ನನ್ನನ್ನು ಕಾಪಾಡಲೆಂದು ಆರು ತಿಂಗಳು ಒಂದೇ ಕಡೆ ಅಗಿದಿದ್ದಳು. ಡಾಕ್ಟರು ಅಂದು ನನ್ನನ್ನು ಹೊರಗೆ ಕಳಿಸಿದ್ದೂ ಅದಕ್ಕೇ. ಅವರಿಗೆ ಅರ್ಧ ಗಂಟೆಯಲ್ಲಿ ತಿಳಿದದ್ದು ನನಗೆ ತಿಳಿಯಲು ಇಷ್ಟು ವರ್ಷ ಬೇಕಾಯಿತು. ಏನಾದರೂ ಹೇಳಬೇಕೆಂದು ಬಾಯಿ ತೆರೆದೆ.

"ದೊಡ್ಡಪ್ಪ," ಎಂದಳು ಚಿನ್ಮಯಿ. "ನಂಗೂ ಹಿಂದ್ಗಡೆ ಏನೋ ನೋಯ್ತಿದೆ."

ಎದೆಯೊಳಗೆ ಎಲ್ಲವೂ ಎದ್ದು ಓಡಲು ಶುರುವಾಯಿತು. ಹುಳುಕು, ಕೀವು, ಅವಳಮ್ಮನಿಗೆ ಫೋನು, ಆ ಡಾಕ್ಟರು ಇನ್ನೂ ಅಲ್ಲೇ ಇದ್ದಾರೋ ಇಲ್ಲವೋ. ಸಹನಾ ನನ್ನನ್ನೇ ನೋಡುತ್ತಿದ್ದಳು.

"ಹೌದಾ?" ಎಂದೆ, ಚಟ್ನಿ ಬಡಿಸಿಕೊಳ್ಳುತ್ತ. "ಎಲ್ಲಿ, ತೋರ್ಸು ನೋಡೋಣ."

ಅವಳು ಕುರ್ಚಿಯಿಂದಲೇ ನನ್ನ ಕಡೆ ಬಾಗಿ ಆ ಎಂದಳು. ಮೂರು ದಿನದಿಂದ ನಾನು ಹಂಬಲಿಸಿದ ಬಾಯಿ, ಯಾರೂ ಬಲವಂತ ಮಾಡದೆ, ತಾನಾಗಿ ತೆರೆದುಕೊಂಡಿತು. ಕೊನೆಯ ಹಲ್ಲಿನ ಹಿಂದೆ ವಸಡು ಕೊಂಚ ಕೆಂಪಾಗಿತ್ತು. ಅದರ ನಡುವೆ ಅಕ್ಕಿಕಾಳಿನಷ್ಟು ಬಿಳಿ.

"ಏನಿದೆ ದೊಡ್ಡಪ್ಪ?"

"ಹೊಸ ದವಡೆ ಹಲ್ಲು ಬರ್ತಿದೆ ಕಣೇ. ಬರೋವಾಗ ಸ್ವಲ್ಪ ನೋಯುತ್ತೆ. ಸಾಯಂಕಾಲ ಅಮ್ಮಂಗೆ ಹೇಳೋಣ, ಒಂದಿನ ಡಾಕ್ಟರ್ ಆಂಟಿಗೂ ತೋರ್ಸೋಣ. ಇನ್ನೊಂದು ದೋಸೆ?"

"ಹ್ಞೂಂ," ಎಂದಳು.

ನಾನು ತಟ್ಟೆ ಮುಂದೆ ತಳ್ಳಿದೆ. ಧ್ವನಿ ಏರಲಿಲ್ಲ. ಮೇಜಿನ ಕೆಳಗೆ ನನ್ನ ಎಡಗಾಲು ಮಾತ್ರ ಒಂದೇ ಸಮನೆ ಕುಣಿಯುತ್ತಿತ್ತು. ಎರಡು ದಿಂಬಿನ ಮೇಲೆ ಕೂತವಳಿಗೆ ಅದು ಕಾಣುವಂತಿರಲಿಲ್ಲ.