ಕೆಸರಿನಲ್ಲಿ ನಾಲ್ಕನೆಯ ಸಾಲು

ನಾನು ನಿಂತಿದ್ದು ಸಾಂಗಲಿಯ ಕೆಳಗೆ, ಕೃಷ್ಣಾ ನದಿಯ ದಂಡೆಯಲ್ಲಿ, ಕಬ್ಬಿನ ಹೊಲ ಮುಗಿದು ಕೆಸರು ಶುರುವಾಗುವ ಜಾಗದಿಂದ ಸುಮಾರು ಅರವತ್ತು ಹೆಜ್ಜೆ ಒಳಗೆ. ಹನ್ನೆರಡು ವರ್ಷದ ಹಿಂದೆ, ದೀಪಾವಳಿ ಕಳೆದ ಮೊದಲ ಭಾನುವಾರ, ಬೆಳಿಗ್ಗೆ ಏಳೂ ಹತ್ತು. ಸಮಯ ನನ್ನ ನೆನಪಿನದಲ್ಲ, ಫೋಟೋದ ಮೂಲೆಯಲ್ಲಿ ಮೂಡಿದ್ದು. ಆಗ ವಿಶ್ರಾಮಬಾಗದ ಕಾಲೇಜೊಂದರಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತಿದ್ದೆ. ಇಂಥ ಕಥೆ ಹೇಳುವವರನ್ನು ಕ್ಲಾಸಿನಲ್ಲೇ ಗೇಲಿ ಮಾಡುತ್ತಿದ್ದವನು ನಾನು. ಆದ್ದರಿಂದ ನೀವು ನಂಬದಿದ್ದರೆ ಬೇಸರವಿಲ್ಲ.

ಮೊಸಳೆಗಳ ಹೆಜ್ಜೆಗುರುತು ಅಳೆಯಲು ಹೋಗಿದ್ದೆವು. ನಾನು, ನನ್ನ ವಿದ್ಯಾರ್ಥಿನಿ ಶೋಭಾ, ಮಿರಜದ ಹಸನಭಾಯಿ. ಹಸನಭಾಯಿ ಸಿತಾರ ಮಾಡುವವರು. ತಾಯಿ ಅಥಣಿಯವರು, ಹಾಗಾಗಿ ನಮ್ಮ ಜೊತೆ ಕನ್ನಡವೇ. ಹಕ್ಕಿಗಳ ದನಿ ಕೇಳುವ ಆಸೆಗೆ ಬರುತ್ತಿದ್ದರು. ತಂತಿಯ ನಾದ ತೆರೆದುಕೊಳ್ಳಲೆಂದು ಸಿತಾರದ ಕುದುರೆಯನ್ನು, ಅಂದರೆ ತಂತಿಗಳು ಕೂರುವ ಮೂಳೆಯ ಪಟ್ಟಿಯನ್ನು, ಕೂದಲೆಳೆಯಷ್ಟು ಉಜ್ಜುವ ಕೆಲಸಕ್ಕೆ ಜವಾರಿ ಅನ್ನುತ್ತಾರೆ. ಅದು ಪೂರ್ತಿ ಕಿವಿಯ ಕೆಲಸ. ಅದಕ್ಕಾಗಿ ಧಾರವಾಡದಿಂದಲೂ ಜನ ಅವರನ್ನು ಹುಡುಕಿಕೊಂಡು ಬರುತ್ತಿದ್ದರು.

ಮೂವರೂ ಗಂಬೂಟು ಹಾಕಿದ್ದೆವು. ತುಳಿದಲ್ಲೇ ತುಳಿದರೆ ಕಾಲು ಹೂತುಹೋಗುತ್ತದೆಂದು ಅಕ್ಕಪಕ್ಕ ಅಂತರ ಬಿಟ್ಟು ನಡೆಯುತ್ತಿದ್ದೆವು. ಬಲತುದಿಗೆ ಹಸನಭಾಯಿ. ಅವರು ಒಮ್ಮೆಲೇ ನಿಂತರು.

"ಸರ್, ನಾವು ಎಷ್ಟ ಮಂದಿ ಅದೀವಿ?"

"ಮೂರ ಮಂದಿ. ಯಾಕ, ಚಹಾ ತರಸ್ತೀರೇನು?"

"ನನಗ ನಾಲ್ಕ ಮಂದಿ ನಡದಂಗ ಕೇಳಾಕತ್ತೈತಿ. ಒಬ್ಬರ ಕಾಲಾಗ ಬೂಟ ಇಲ್ಲ."

"ಕಿವಿ ಅಂಗಡ್ಯಾಗ ಬಿಟ್ಟ ಬಂದೀರಿ, ಚಾಚಾ," ಅಂದೆ. ಶೋಭಾ ನಕ್ಕಳು.

ಅವರು ನಗಲಿಲ್ಲ. ಕಣ್ಣು ಮುಚ್ಚಿ ನಿಂತರು. "ನೀವು ಶಾಣ್ಯಾರು, ಕೆಳಗ ನೋಡಿ ಹೇಳ್ರಿ. ನಾ ನೋಡಾಂವಲ್ಲ."

ತಿರುಗಿ ನೋಡಿದೆ. ಹೆಜ್ಜೆಗಳ ಸಾಲು ನಾಲ್ಕಿದ್ದವು. ನಾಲ್ಕನೆಯದು ಹಸನಭಾಯಿಯ ಬಲಕ್ಕೆ, ಒಂದು ಮೊಳ ದೂರದಲ್ಲಿ. ಬರಿಗಾಲು. ಅದು ಕೆಸರಿನ ನಟ್ಟನಡುವೆ ಶುರುವಾಗಿ, ನಾವು ನಿಂತಲ್ಲಿಯವರೆಗೆ ಬಂದು ನಿಂತಿತ್ತು. ಮುಂದಕ್ಕೂ ಇಲ್ಲ, ಹಿಂದಕ್ಕೂ ಇಲ್ಲ. ಶೋಭಾ ಅಳತೆಪಟ್ಟಿ ಇಟ್ಟಳು: ಒಂಬತ್ತೂವರೆ ಇಂಚು. ನಾನು ಫೋಟೋ ತೆಗೆದೆ. ಇಬ್ಬರೂ ಬಾಗಿ ನೋಡಿದೆವು. ಹೆಜ್ಜೆಯ ಅಂಚು ಇನ್ನೂ ಕುಸಿದಿರಲಿಲ್ಲ. ಹಿಮ್ಮಡಿಯ ಗುಂಡಿಯಲ್ಲಿ ನೀರು ಆಗಷ್ಟೇ ಒಸರುತ್ತಿತ್ತು, ನಮ್ಮ ಬೂಟಿನ ಗುರುತುಗಳಲ್ಲಿ ಒಸರುತ್ತಿದ್ದಂತೆಯೇ. ಹಸನಭಾಯಿಗೆ, "ಫೋಟೋ ನೋಡಿ ಹೇಳ್ತೀನಿ," ಎಂದಷ್ಟೇ ಹೇಳಿದೆ.

ಮುಂದಿನ ವಾರ ಕಾಲೇಜಿನಲ್ಲಿ ಆ ಫೋಟೋಗಳನ್ನು ತೋರಿಸಿದೆವು. ಹಸನಭಾಯಿಯನ್ನೂ ಕರೆದಿದ್ದೆವು. ಈ ಚಿತ್ರ ಬಂದಾಗ ಹಸನಭಾಯಿ ಎದ್ದು, ತಾವು ಕೇಳಿದ್ದನ್ನು ಹೇಳಿ, "ಸರ್ ನೋಡ್ಯಾರ, ಕೇಳ್ರಿ," ಅಂದರು. ಸಹೋದ್ಯೋಗಿಗಳೆಲ್ಲ ನನ್ನತ್ತ ತಿರುಗಿದರು.

"ಹಿಂದಿನ ದಿನದ ಹೆಜ್ಜೆ ಅವು, ಯಾರೋ ಮೀನು ಹಿಡಿಯೋರದು. ಒಳಗ ನೀರು ಪೂರ್ತಿ ತುಂಬಿತ್ತು," ಎಂದೆ.

ಫೋಟೋದಲ್ಲಿ ನೀರು ಸ್ಪಷ್ಟವಾಗಿ ಕಾಣುವುದಿಲ್ಲ. ಅದು ನನಗೆ ಗೊತ್ತಿತ್ತು.

ಹಿಂದಿನ ಸಾಲಿನಿಂದ ಒಬ್ಬ ಕೂಗಿದ: "ಚಾಚಾ, ಹಂಗಾದ್ರ ನಿಮ್ಮ ಸಿತಾರದಾಗ ಎಷ್ಟ ತಂತಿ ಕೇಳ್ತಾವು?" ಎಲ್ಲರೂ ನಕ್ಕರು.

ಹೊರಗೆ ಬಂದಮೇಲೆ ಹಸನಭಾಯಿ ಮೆಲ್ಲಗೆ ಕೇಳಿದರು: "ಖರೇನ ಹಳೇ ಹೆಜ್ಜೀನ ಏನ್ರಿ?"

"ಹೂಂ."

"ಹಂಗಾರ ನನ್ನ ಕಿವಿ ಹೋತು."

ಅವರು ಜಗಳವಾಡಿದ್ದರೆ ನಿಜ ಹೇಳುತ್ತಿದ್ದೆನೋ ಏನೋ. ಅವರು ನನ್ನನ್ನು ನಂಬಿದರು. ಆ ಚಳಿಗಾಲ ಮುಗಿಯುವುದರೊಳಗೆ ಜವಾರಿ ಕೆಲಸವನ್ನು ತಮ್ಮನಿಗೆ ಒಪ್ಪಿಸಿ, ಕಟ್ಟಿಗೆಗೆ ಪಾಲಿಶ್ ಹಚ್ಚುತ್ತ ಕುಳಿತರು. ಹೇಳಿಬಿಡಬೇಕೆಂದು ಮಿರಜಕ್ಕೆ ಹಲವು ಸಲ ಹೋದೆ. ಪ್ರತಿ ಸಲವೂ ಅವರೇ "ಬರ್ರಿ, ಕುಂದ್ರಿ" ಅಂದರು. ಚಹಾ ಕುಡಿದು ವಾಪಸ್ ಬಂದೆ. ಹೋದ ವರ್ಷ ಅವರು ತೀರಿಕೊಂಡರು.

ಆ ಹೆಜ್ಜೆ ಯಾರದು, ನನಗೆ ಗೊತ್ತಿಲ್ಲ. ಕಣ್ಣಿನ ಭ್ರಮೆ ಎನ್ನೋಣವೆಂದರೆ ಫೋಟೋ ಇದೆ. ಯಾರೋ ಬಂದು ಹೋದರು ಎನ್ನೋಣವೆಂದರೆ ಆ ಬಯಲಲ್ಲಿ ನಮ್ಮ ಹೊರತು ಯಾರೂ ಇರಲಿಲ್ಲ. ಎಲ್ಲ ಬಗೆಯಲ್ಲೂ ಯೋಚಿಸಿ ನೋಡಿದ್ದೇನೆ.

ಕಳೆದ ತಿಂಗಳು ಶೋಭಾಗೆ ಫೋನ್ ಮಾಡಿ ನೀರಿನ ಬಗ್ಗೆ ಕೇಳಿದೆ. "ಆಗಷ್ಟ ಒಸರಾಕತ್ತಿತ್ತು, ಸರ್," ಅಂದಳು. ಆಮೇಲೆ ಅವಳೇ ಕೇಳಿದಳು: "ನೀವು ಎಲ್ಲಾರ ಮುಂದ ಇಲ್ಲ ಅಂದಮ್ಯಾಲ ನಾ ಹೆಂಗ ಹೌದು ಅನ್ನಲಿ?"

ಅವಳೀಗ ಕುಪವಾಡದಲ್ಲಿದ್ದಾಳೆ. ಆ ನೀರು ಒಸರುವುದನ್ನು ಕಂಡವರಲ್ಲಿ, ನನ್ನನ್ನು ಬಿಟ್ಟರೆ, ಅವಳೊಬ್ಬಳೇ.