ಲಿಫ್ಟಣ್ಣನ ದ್ವೀಪ ದಿಗ್ವಿಜಯ

ಲೋಕದಲ್ಲಿ ಕೆಲವರು ಮುಂದೆ ಬರುತ್ತಾರೆ, ಕೆಲವರು ಹಿಂದೆ ಬೀಳುತ್ತಾರೆ. ನಮ್ಮ ಲಿಫ್ಟಣ್ಣ ಮಾತ್ರ ಆಯುಷ್ಯವೆಲ್ಲ ಮೇಲೆ ಕೆಳಗೆ ಓಡಾಡಿದವನು. ಊರಿನ ಎತ್ತರದ ಕಟ್ಟಡಗಳಲ್ಲಿ ಲಿಫ್ಟು ಕೆಟ್ಟರೆ ಎಲ್ಲರೂ ನೆನೆಯುವುದು ಅವನನ್ನೇ. ಎರಡು ಮಹಡಿಗಳ ನಡುವೆ ಸಿಕ್ಕಿಕೊಂಡು ಬಾಗಿಲು ಬಡಿಯುವ ವಕೀಲರಿಗೆ ಹೊರಗಿನಿಂದಲೇ "ಉಸಿರಾಡ್ತಾ ಇರಿ ಸ್ವಾಮಿ, ಬಂದೆ" ಎಂದು ಧೈರ್ಯ ಹೇಳಿ, ಟೀ ಕುಡಿದು ಮುಗಿಸಿ ಬರುವಂಥ ಸಮಾಧಾನಿ. ಕೆಲಸದಲ್ಲಿ ಅವನದು ಒಂದೇ ವ್ರತ. ಯಾವ ಯಂತ್ರವನ್ನೇ ಬಿಚ್ಚಲಿ, ಮೊದಲು ಕರೆಂಟು ಕಡಿಯಬೇಕು. ಸ್ವಿಚ್ಚಿನ ಕೀಲಿ ಕಿತ್ತು ಎದೆಯ ಜೇಬಿಗೆ ಹಾಕಬೇಕು. ಆಮೇಲೆ ಜೇಬು ತಟ್ಟಿ ನೋಡಬೇಕು. ಆ ತಟ್ಟುವಿಕೆಯ ದೆಸೆಯಿಂದಲೇ ಅವನಿನ್ನೂ ಇಡಿಯಾಗಿ ಉಳಿದಿದ್ದಾನೆ.

ಇಂಥವನಿಗೆ ಐವತ್ತು ದಾಟಿದ ಮೇಲೆ ಅಡ್ಡಡ್ಡ ಹೋಗುವ ಆಸೆ ಹುಟ್ಟಿತು. ಊರಿನ ಅಂಚಿಗೆ, ಆಚೆ ದಡ ಕಾಣದಷ್ಟು ದೊಡ್ಡ ಸರೋವರ. ಅದರ ತುಂಬ ಯಾರಿಗೂ ಬೇಡವಾದ ಪುಟ್ಟ ದ್ವೀಪಗಳು. ಹಳೆಯ ಗಿರಾಕಿಯೊಬ್ಬರಿಂದ ಸಣ್ಣ ಮೋಟಾರು ದೋಣಿ ಕೊಂಡ. ದೋಣಿ ದಡದಲ್ಲಿ ಉಳಿಯಿತು. ಮೋಟಾರು ಮಾತ್ರ ಕಳ್ಳರ ಭಯಕ್ಕೆ ಅವನ ಹೆಗಲೇರಿ ಮನೆಗೆ ಬಂದು, ಮಲಗುವ ಕೋಣೆಯಲ್ಲಿ ಹೆಂಡತಿಯ ಹೊಲಿಗೆ ಯಂತ್ರವಿದ್ದ ಜಾಗವನ್ನು ಆಕ್ರಮಿಸಿತು. ದಿಂಬು, ಟವೆಲು, ಕೊನೆಗೆ ಹಾಲಿಗೂ ಪೆಟ್ರೋಲಿನ ಸುಗಂಧ ಹತ್ತಿತು.

"ರೀ, ಒಂದ್ ಮಾತು," ಎಂದಳು ಹೆಂಡತಿ. "ಒಂದೇ ಒಂದ್ ಸಲ ಯಾರಾದ್ರೂ ಹಗ್ಗ ಕಟ್ಟಿ ನಿಮ್ಮನ್ನ ದಡಕ್ಕೆ ಎಳ್ಕೊಂಡ್ ಬರ್ಲಿ, ಮಾರನೇ ದಿನವೇ ಈ ದೋಣಿ ಮಾರ್ಬೇಕು. ಒಪ್ಪಿಗೇನಾ?"

"ಲಿಫ್ಟ್ ರಿಪೇರಿ ಮಾಡೋನನ್ನ ಯಾರೇ ಎಳ್ಕೊಂಡ್ ಬರ್ತಾರೆ?"

"ಒಪ್ಪಿಗೇನಾ ಅಂದೆ."

ಒಪ್ಪಿದ. ಆ "ಯಾರಾದ್ರೂ" ಎಂಬುದು ಯಾರೆಂದು ಇಬ್ಬರಿಗೂ ಗೊತ್ತಿತ್ತು: ಅವನ ಷಡ್ಡಕ, ನಾದಿನಿಯ ಗಂಡ. ಪ್ರಯಾಣಿಕರ ದೊಡ್ಡ ದೋಣಿಯ ಕ್ಯಾಪ್ಟನ್ನು. ತಲೆಗೆ ಬಿಳಿ ಟೋಪಿ, ಕೈಗೆ ಧ್ವನಿವರ್ಧಕ. ಊಟಕ್ಕೆ ಕೂತು ಉಪ್ಪು ಕೇಳುವುದೂ ಅದರಲ್ಲೇ ಎಂದು ಸುದ್ದಿ.

ದಿಗ್ವಿಜಯ ಶುರುವಾಯಿತು. ಕಂಡುಹಿಡಿದ ನೆಲಕ್ಕೆ ಹೆಸರಿಡುವುದು ಶೋಧಕರ ಹಕ್ಕಷ್ಟೆ? ಲಿಫ್ಟಣ್ಣ ತನಗೆ ತಿಳಿದ ಭೂಗೋಳದಿಂದಲೇ ಹೆಸರಿಟ್ಟ: ನೆಲಮಹಡಿ, ಒಂದನೇ ಮಹಡಿ, ಎರಡನೇ ಮಹಡಿ. ನೆಲಮಹಡಿಯ ಪ್ರಜೆಗಳಾದ ಬಾತುಕೋಳಿಗಳು ಹೊಸ ಅರಸನನ್ನು ಅಟ್ಟಿಸಿಕೊಂಡು ಬಂದು ಕಚ್ಚಿದವು. ದೂರದಲ್ಲಿ ಮಸುಕಾಗಿ ಕಾಣುವ, ಇನ್ನೂ ಮುಟ್ಟದ ಕೊನೆಯ ದ್ವೀಪಕ್ಕೆ ತಾರಸಿ ಎಂದು ಮುಂಗಡವಾಗಿಯೇ ನಾಮಕರಣವಾಯಿತು.

ಕದ್ದುಮುಚ್ಚಿ ಎಳೆಸಿಕೊಂಡು ಬಂದು ಸುಳ್ಳು ಹೇಳಿಯಾನೆಂಬ ಗುಮಾನಿಯಿಂದ, ಒಂದು ರಜೆಯ ದಿನ ಹೆಂಡತಿಯೂ ದೋಣಿ ಹತ್ತಿದಳು. ಹೊರಡುವ ಮುನ್ನ ಲಿಫ್ಟಣ್ಣ ಎಂಜಿನ್ನು ನಿಲ್ಲಿಸುವ ಗುಂಡಿಯ ಅಡಿಗೆ ಕೆಂಪು ದಾರದ ಕೊಕ್ಕೆ ಸಿಕ್ಕಿಸಿದ. ಇನ್ನೊಂದು ತುದಿಯನ್ನು ಮಣಿಕಟ್ಟಿಗೆ ಸುತ್ತಿಕೊಂಡು ಪಾಠ ಹೇಳಿದ. "ನಾನು ನೀರಿಗೆ ಬಿದ್ರೆ ಈ ಕೊಕ್ಕೆ ಕಿತ್ತು ಬರುತ್ತೆ, ಎಂಜಿನ್ ನಿಲ್ಲುತ್ತೆ. ಕೊಕ್ಕೆ ಇಲ್ದಿದ್ರೆ ಜಪ್ಪಯ್ಯ ಅಂದ್ರೂ ಸ್ಟಾರ್ಟ್ ಆಗಲ್ಲ."

"ನೀವು ಬಿದ್ಮೇಲೆ ಎಂಜಿನ್ನೂ ನಿಂತ್ರೆ ನಾನ್ ಹೇಗ್ರೀ ಮನೆಗ್ ಹೋಗ್ಲಿ?"

ಈ ಪ್ರಶ್ನೆ ಪಾಠದಲ್ಲಿರಲಿಲ್ಲ.

ಮೂರನೇ ಮಹಡಿ ಬಂತು. ಮರಳಿಗೆ ಇಳಿಯುವಾಗ ಲಿಫ್ಟಣ್ಣನ ಕೈ ತನ್ನ ಪಾಡಿಗೆ ತಾನು ಕೆಲಸ ಮಾಡಿತು: ಎಂಜಿನ್ನು ನಿಲ್ಲಿಸಿತು, ಕೊಕ್ಕೆ ಕಿತ್ತಿತು, ದಾರವನ್ನು ಎದೆಯ ಜೇಬಿಗೆ ತುರುಕಿತು. ಮನಸ್ಸಿಗೆ ಸುದ್ದಿ ಮುಟ್ಟಲಿಲ್ಲ. ಅದು ಆಗಲೇ ದಂಡೆಯ ಮೇಲೆ ನಿಂತು ಸಾಮ್ರಾಜ್ಯ ನೋಡುತ್ತಿತ್ತು.

ಬ್ರೆಡ್ಡು ತಿಂದು ಮರಳಿ ಬಂದು ಸ್ಟಾರ್ಟ್ ಮಾಡುವ ಹಗ್ಗ ಜಗ್ಗಿದರೆ ಎಂಜಿನ್ನು ಕೆಮ್ಮಲೂ ಇಲ್ಲ. ತೋಳು ಸೋಲುವವರೆಗೆ ಜಗ್ಗಿದ. ಆಮೇಲೆ ಟವೆಲು ಹಾಸಿ ಪಾನಾ ಹಿಡಿದ. ಬಿಚ್ಚುವ ಮುನ್ನ ಎಂದಿನಂತೆ ಎದೆಯ ಜೇಬು ತಟ್ಟಿಕೊಂಡ. ಕೈಗೆ ಏನೋ ತಗುಲಿತು. ಸರಿ, ಕರೆಂಟು ಕಡಿದಿದೆ, ಭಯವಿಲ್ಲ! ನಿಶ್ಚಿಂತೆಯಿಂದ ಪ್ಲಗ್ಗು ಕಿತ್ತ, ಒರೆಸಿದ, ಕಾರ್ಬ್ಯುರೇಟರನ್ನು ತುಂಡು ತುಂಡು ಮಾಡಿ ಟವೆಲಿನ ಮೇಲೆ ಜೋಡಿಸಿದ. ಮತ್ತೆ ಕೂಡಿಸಿ ಜಗ್ಗಿದ. ಇಲ್ಲ. ಮತ್ತೆ ಜೇಬು ತಟ್ಟಿದ, ಮತ್ತೆ ಬಿಚ್ಚಿದ.

ಆಗಲೇ ದೊಡ್ಡ ದೋಣಿಯ ಸೀಟಿ ಕೇಳಿತು.

"ಏನ್ ಭಾವಾ!" ಧ್ವನಿವರ್ಧಕ ಸರೋವರಕ್ಕೆಲ್ಲ ಸಾರಿತು. "ಹಗ್ಗ ಎಸೀಲಾ?"

ಪ್ರಯಾಣಿಕರೆಲ್ಲ ಒಂದೇ ಬದಿಗೆ ಬಂದರು. ಲಿಫ್ಟಣ್ಣ ಪಾನಾ ಕೆಳಗಿಟ್ಟ. ಹೆಂಡತಿಯ ಮುಖ ನೋಡಿದ. ಅವಳು ಒಂದು ಸಲ ಹೂಂ ಅಂದರೆ ಮುಗಿಯಿತು. ದೋಣಿ ಹೋಯಿತು, ಹೊಲಿಗೆ ಯಂತ್ರ ಪೀಠಕ್ಕೆ ಮರಳಿತು. ಅವಳು ಬಾಯಿ ತೆರೆದಳು ಕೂಡ. ಅಷ್ಟರಲ್ಲಿ ಕ್ಯಾಪ್ಟನ್ನನ ಪಕ್ಕದಿಂದ ಕಪ್ಪು ಕನ್ನಡಕವೊಂದು ಇಣುಕಿತು.

"ಅಯ್ಯೋ ಅಕ್ಕಾ, ಬಿಸಿಲಲ್ಲಿ ಒಣಗ್ ಹೋದ್ಯಲ್ಲೇ! ನಮ್ ಜೊತೆ ಬಂದ್ಬಿಡು, ಒಳಗೆ ಫ್ಯಾನಿದೆ."

ಒಡಹುಟ್ಟಿದ ತಂಗಿ! ಅಕ್ಕನ ಬೆನ್ನು ನೆಟ್ಟಗಾಯಿತು.

"ನಮಗೇನಾಗಿದೆ? ಊಟಕ್ಕೆ ಇಳಿದಿದ್ದೀವಿ ಕಣೇ. ಇಲ್ಲಿಗೆ ನಿಮ್ ದೋಣಿ ಬರಕ್ಕಾಗಲ್ವಲ್ಲ ಪಾಪ, ತಳ ತಾಗುತ್ತೆ."

"ಭಾವ ಏನೋ ಬಿಚ್ಚಿ ಹರಡ್ಕೊಂಡಿದ್ದಾರಲ್ಲ ಅತ್ತಿಗೆ?" ಎಂದಿತು ಧ್ವನಿವರ್ಧಕ.

"ಮನೇಲೂ ಹಾಗೇ ಕಣಪ್ಪಾ. ಸುಮ್ನೆ ಕೂತ್ರೆ ಏನಾದ್ರೂ ಬಿಚ್ಚಬೇಕು ಅವರಿಗೆ. ನೀವ್ ಹೊರಡಿ, ನಿಮ್ ಜನಕ್ಕೆ ತಡ ಆಗುತ್ತೆ."

ದೊಡ್ಡ ದೋಣಿ ಮೂತಿ ತಿರುಗಿಸಿ ಹೋಯಿತು. ಅದು ಚುಕ್ಕೆಯಾಗುವವರೆಗೂ ಅವಳು ಕೈಬೀಸುತ್ತ ನಕ್ಕಳು. ಚುಕ್ಕೆಯಾದ ಮೇಲೆ ನಗು ನಿಲ್ಲಿಸಿ ತಿರುಗಿದಳು.

"ಜಂಬ ಹೊಡೆದಿದ್ದಾಯ್ತು. ಈಗ ಮನೆಗೆ ಈಜ್ಕೊಂಡ್ ಹೋಗೋದಾ?"

ಲಿಫ್ಟಣ್ಣ ಎಂಜಿನ್ನು ಕೂಡಿಸಿದ. ಕೊನೆಯ ಬಾರಿ ಜಗ್ಗಿದ. ಇಲ್ಲ. ಪಾನಾ ಎತ್ತಿಕೊಂಡು, ಜೇಬು ತಟ್ಟಿದ.

"ಅದೇನ್ರೀ ಆಗಿಂದ ಜೇಬು ತಟ್ಕೋತಾ ಇದ್ದೀರಿ? ಕೆಂಪಗೆ ಏನೋ ನೇತಾಡ್ತಿದೆ."

"ಅದಾ? ಕೀಲಿ."

"ಯಾವುದರ ಕೀಲಿ?"

ಲಿಫ್ಟಣ್ಣನ ಕೈ ಜೇಬಿಗೆ ಹೋಯಿತು. ದಾರ ಹೊರಬಂತು, ಕೊಕ್ಕೆ ಗುಂಡಿಯ ಅಡಿಗೆ ಸೇರಿತು, ಎಂಜಿನ್ನು ಒಂದೇ ಎಳೆತಕ್ಕೆ ಗುಡುಗಿತು. ದಡ ಮುಟ್ಟುವವರೆಗೂ ಅವಳ ಭುಜ ಕುಲುಕುತ್ತಿತ್ತು, ನಗುವಿಗೋ ಅಲೆಗೋ ಕೇಳುವ ಧೈರ್ಯ ಅವನಿಗಾಗಲಿಲ್ಲ.

ದೋಣಿಯನ್ನು ಮಾರಲಿಲ್ಲ. ಮಾರಿದರೆ ತಂಗಿಗೆ ಏನೆಂದು ಹೇಳುವುದು? ಮೋಟಾರು ಮಲಗುವ ಕೋಣೆಯಲ್ಲೇ ಇದೆ. ಅವಳೇ ಹೂವಿನ ಬಟ್ಟೆಯ ಕವಚವನ್ನೂ ಹೊಲಿದು ಹೊದಿಸಿದ್ದಾಳೆ. ಕೆಂಪು ದಾರ ಈಗ ಅವಳ ಮಣಿಕಟ್ಟಿನಲ್ಲಿ, ಚುಕ್ಕಾಣಿ ಅವಳ ಕೈಯಲ್ಲಿ. ತಾರಸಿಗೆ ನೇರ ದಾರಿಯಿದ್ದರೂ, ಸುತ್ತು ಬಳಸಿ ಷಡ್ಡಕನ ದೋಣಿಯ ಮೂಗಿನ ಮುಂದಿನಿಂದಲೇ ಹಾಯಿಸುತ್ತಾಳೆ. ಲಿಫ್ಟಣ್ಣ ಎದುರಿಗೆ ಕೂತು ನೀರು ಎರಚಿಸಿಕೊಳ್ಳುತ್ತ, ಆಗಾಗ ಖಾಲಿ ಜೇಬನ್ನು ತಟ್ಟಿಕೊಳ್ಳುತ್ತಾನೆ.