ಆಚೆ ಚಾಪೆ

ಕೋಟದ ಐತಾಳರಿಂದ ಕಲಿತದ್ದಕ್ಕೆ ನಾನು ತೆತ್ತ ಬೆಲೆಯನ್ನು ಮೊದಲೇ ಹೇಳಿಬಿಡುತ್ತೇನೆ. ವ್ಯಾಪಾರದವನು ನಾನು, ಬೆಲೆ ಹೇಳದೆ ಸರಕು ಬಿಚ್ಚಿದರೆ ಕೊಳ್ಳುವವನಿಗೂ ನೆಮ್ಮದಿಯಿಲ್ಲ. ಒಂದೂವರೆ ಬೆಳೆ ಭತ್ತ, ಮತ್ತು ಸ್ವತಃ ಐತಾಳರು. ಭತ್ತ ಹೋದದ್ದು ಯಡ್ತರೆಯ ಶೀನ ಎಂಬವನು ನನ್ನ ಗದ್ದೆಗೆ ಉಪ್ಪುನೀರು ಬಿಟ್ಟದ್ದರಿಂದ. ಐತಾಳರು ಹೋದದ್ದು ನಾನು ಶೀನನಿಗೆ ತಕ್ಕ ಶಾಸ್ತಿ ಮಾಡಿದ್ದರಿಂದ. ಭತ್ತವನ್ನು ಆಮೇಲೆ ಮತ್ತೆ ಬೆಳೆದುಕೊಂಡೆ.

ಎರಡನೆಯ ಮಹಾಯುದ್ಧದ ಕಾಲ. ಕುಂದಾಪುರದ ಕೋರ್ಟಿನ ಹತ್ತಿರ ಜವಳಿ ಅಂಗಡಿಯೊಂದರ ಜಗಲಿಯಲ್ಲಿ ಐತಾಳರು ಅರ್ಜಿ ಬರೆಯುತ್ತಿದ್ದರು. ಅದೇ ಸಾಲಿನಲ್ಲಿ ಇನ್ನೂ ಮೂರು ಜನ ಅರ್ಜಿ ಬರೆಯುವವರಿದ್ದರು. ಅವರ ಮುಂದೆ ಒಂದೊಂದು ಚಾಪೆ. ಐತಾಳರ ಮುಂದೆ ಮಾತ್ರ ಎರಡು, ಎಡಕ್ಕೊಂದು ಬಲಕ್ಕೊಂದು, ಎದುರುಬದುರು. ಬಂದವನು ಎಡ ಚಾಪೆಯಲ್ಲಿ ಕೂತು ತನ್ನ ದೂರು ಹೇಳಬೇಕು. ಐತಾಳರು ಕಣ್ಣು ಮುಚ್ಚಿ ಕೇಳುವರು, ಎಲೆ ಜಗಿಯುವುದನ್ನು ನಿಲ್ಲಿಸುವರು, ಆದರೆ ಒಂದಕ್ಷರ ಬರೆಯುತ್ತಿರಲಿಲ್ಲ. ಎಲ್ಲ ಮುಗಿದ ಮೇಲೆ ಕಿವಿಯ ಮೇಲಿದ್ದ ಕಡ್ಡಿಪೆನ್ನನ್ನು ಬಲಕ್ಕೆ ತೋರಿಸಿ, "ಹ್ವಾಯ್, ಈಗ ಎದ್ದ್ ಆಚೆ ಚಾಪೆಗೆ ಹೋಯ್ನಿ," ಅನ್ನುವರು.

ಆಚೆ ಚಾಪೆಯಲ್ಲಿ ಕೂತವನು ಎದುರಾಳಿಯಾಗಬೇಕು. 'ಅವನು ಹೀಗೆ ಮಾಡಿದ' ಅಂತ ಅಲ್ಲ, 'ನಾನು ಹೀಗೆ ಮಾಡಿದೆ, ಇಂಥದ್ದಕ್ಕೆ ಮಾಡಿದೆ' ಅಂತ ಅವನ ಬಾಯಿಯಿಂದಲೇ ಹೇಳಬೇಕು. ಕೆಲವರು ಉಗಿದು ಎದ್ದು ಹೋಗುತ್ತಿದ್ದರು. ಅಂಥವರು ಪಕ್ಕದ ಜಗಲಿಗೆ ಹೋದರೆ ಅರ್ಧ ಗಳಿಗೆಯಲ್ಲಿ ಅರ್ಜಿ ಸಿಗುತ್ತಿತ್ತು. ಐತಾಳರಿಗೆ ಅದರ ಚಿಂತೆಯಿರಲಿಲ್ಲ. ಚಿಂತೆ ಇದ್ದದ್ದು ಅವರ ಹೆಂಡತಿಗೆ.

ಈ ಅಭ್ಯಾಸ ಅವರಿಗೆ ತಾಳಮದ್ದಳೆಯಿಂದ ಬಂದದ್ದು. ವೇಷವಿಲ್ಲ, ಕುಣಿತವಿಲ್ಲ, ಭಾಗವತರು ಪದ ಹೇಳಿದ ಮೇಲೆ ಇಬ್ಬರು ಎದುರುಬದುರು ಕೂತು, ತಮ್ಮ ತಮ್ಮ ಪಾತ್ರದ ಮನಸ್ಸನ್ನು ತಮ್ಮದೇ ಮಾತಿನಲ್ಲಿ ವಾದಿಸುವುದು, ಅದಕ್ಕೆ ಅರ್ಥ ಹೇಳುವುದು ಅನ್ನುತ್ತಾರೆ. ಐತಾಳರು ಯಾವತ್ತೂ ಸೋಲುವವನ ಅರ್ಥವನ್ನೇ ಕೇಳಿ ತೆಗೆದುಕೊಳ್ಳುತ್ತಿದ್ದರು. ಯಾಕೆಂದು ಕೇಳಿದರೆ, "ಗೆದ್ದವನ ಮನ್ಸ್ ಪದದಲ್ಲೇ ಇರತ್ತ್ ಮಾರಾಯ್ರೆ. ಸೋತವಂದ್ ಯಾರೂ ಬರ್ದಿಡುದಿಲ್ಲೆ. ಅದನ್ನ ನಾವೇ ಹೇಳ್ಕ್," ಅನ್ನುತ್ತಿದ್ದರು.

ಅವರ ಈ ಹುಚ್ಚಿಗೆ ಬೆಲೆಯಿದೆಯೆಂದು ನನಗೆ ತಿಳಿದದ್ದು ರೇಷನ್ನಿನ ಗೋಧಿಯ ದೆಸೆಯಿಂದ. ಅಕ್ಕಿಗೆ ತತ್ವಾರವಾಗಿ ಸರಕಾರ ಗೋಧಿ ಹಂಚಿಸುತ್ತಿದ್ದ ದಿನಗಳು. ಒಂದು ಊರಿನ ಡಿಪೋಗೆ ಮಾತ್ರ ಹೆಂಗಸರು ಬರುತ್ತಿರಲಿಲ್ಲ. ಮನೆಯಲ್ಲಿ ಗಂಜಿಗಿಲ್ಲ, ಡಿಪೋದಲ್ಲಿ ಗೋಧಿಗೆ ಹುಳ. ಕಾರಣ ಕಂಡುಹಿಡಿಯಲು ಮದರಾಸಿನಿಂದ ಒಬ್ಬ ಓದಿದ ಯುವಕ ಬಂದಿದ್ದ. ಒಳ್ಳೆಯವನೇ. ಎಲ್ಲವನ್ನೂ ಅಳೆದಿದ್ದ: ಯಾವ ಮನೆಗೆ ಎಷ್ಟು ದೂರ, ಯಾವ ದಿನ ಎಷ್ಟು ಮಳೆ, ಕಡವಿನಲ್ಲಿ ದೋಣಿ ಎಷ್ಟು ಹೊತ್ತಿಗೆ. ವರದಿಯ ಕನ್ನಡ ಪ್ರತಿ ಮಾಡಿಸಲು ಐತಾಳರ ಜಗಲಿಗೆ ಬಂದ. ನಾನು ನನ್ನದೇ ಒಂದು ಕಾಗದಕ್ಕಾಗಿ ಅಲ್ಲಿ ಕಾಯುತ್ತಿದ್ದೆ.

ಐತಾಳರು ಪೂರ್ತಿ ಓದಿಸಿಕೊಂಡರು. "ಲೆಕ್ಕ ಲಾಯ್ಕಿತ್. ಎಲ್ಲಾ ಹೊರಗಿಂದ ಕಂಡದ್ದ್. ಈಗ ಆಚೆ ಚಾಪೆಗೆ ಹೋಯ್ನಿ," ಎಂದರು.

"ಅಲ್ಲಿ ಕೂತು ನಾನು ಯಾರಾಗಬೇಕು?"

"ಗೋಧಿಗೆ ಹೋಗದ ಒಬ್ಬ ಹೆಂಗ್ಸ್. ಗಂಡ ಬೊಂಬಾಯಿ ಹೋಟ್ಲಲ್ಲಿದ್ದ. ನೀವು ಡಿಪೋ ಬಾಗ್ಲಿಗ್ ಬಂದ್ರಿ. ಗುಮಾಸ್ತ ಎಂತ ಕೇಂತ?"

"ಮನೆ ಯಜಮಾನನ ಹೆಸರು ಕೇಳುತ್ತಾನೆ."

"ಹೇಳಿ ಕಾಂಬ."

ಯುವಕ ಬಾಯಿ ತೆರೆದವನು ಹಾಗೆಯೇ ಉಳಿದ. ಐತಾಳರು ಮೆಲ್ಲನೆ ಕೇಳಿದರು: "ನಿಮ್ಮ್ ಮನೆಯವ್ರ್ ನಿಮ್ಮನ್ನ ಎಂತ ಅಂದ್ ಕರಿತ್ರ್?"

ಅವನ ಕಿವಿ ಕೆಂಪಾಯಿತು. ಆಮೇಲೆ ನಕ್ಕ. ಗಂಡನ ಹೆಸರನ್ನು ಹೆಂಡತಿ ಬಾಯಿಂದ ಆಡದ ಊರಿನಲ್ಲಿ, ಹತ್ತು ಗಂಡಸರ ಎದುರು ಅದನ್ನು ಕೂಗಿ ಹೇಳಿದರೆ ಮಾತ್ರ ಗೋಧಿ ಎಂದಿದ್ದ ಗುಮಾಸ್ತ. ಮಳೆಗೂ ದೂರಕ್ಕೂ ಇದರಲ್ಲಿ ಏನೂ ಇರಲಿಲ್ಲ. ಒಬ್ಬಳ ಗಂಡನ ಹೆಸರನ್ನು ಹಿಂದೆ ನಿಂತವಳು ಹೇಳಲಿ ಎಂದು ಐತಾಳರೇ ಉಪಾಯ ಹೇಳಿಕೊಟ್ಟರು. ಆದರೆ ಹಾಗೆ ಬರೆಯಲು ಬಿಡಲಿಲ್ಲ. "ಮೊದ್ಲ್ ಹೋಯ್ ಆ ಹೆಂಗ್ಸ್ರ ಹತ್ರವೇ ಕೇಣಿ. ಹೌದು, ಅದೇ ಅಂದ್ ಅವ್ರ್ ತಲೆ ಹಂದ್ಸುವರೆಗೆ ಇದ್ ನಮ್ಮ್ ಕಥೆ, ಅವ್ರದ್ದಲ್ಲ," ಎಂದರು.

ಆ ಕೊನೆಯ ಮಾತನ್ನು ನಾನೂ ಕೇಳಿಸಿಕೊಂಡಿದ್ದೆ. ಲಾಭ ಕಂಡದ್ದು ಮಾತ್ರ ಆಚೆ ಚಾಪೆಯಲ್ಲಿ ಕೂರುವ ಮೊದಲಿನ ಪಾಠದಲ್ಲಿ. ಕೋಣ ಮಾರಲು ಬಂದವನ ಕಡೆಯಿಂದ ಒಂದು ಗಳಿಗೆ ಯೋಚಿಸಿದರೆ ಅವನು ಎಲ್ಲಿಗೆ ಇಳಿಯುತ್ತಾನೆಂದು ತಿಳಿಯುತ್ತದೆ. ಬೈಂದೂರು ಕಡೆಯಲ್ಲಿ ಕೋಣ ಕೊಂಡು ಬ್ರಹ್ಮಾವರ ಕಡೆಯಲ್ಲಿ ಮಾರುತ್ತ, ಅದರಲ್ಲೇ ಯಡ್ತರೆಯ ಹೊಳೆಬದಿಯಲ್ಲಿ ಒಂದು ಗದ್ದೆ ಮಾಡಿದೆ. ನನ್ನಪ್ಪ ಇನ್ನೊಬ್ಬರ ಗದ್ದೆಯಲ್ಲಿ ಬೆನ್ನು ಬಗ್ಗಿಸಿದವನು. ಆ ಗದ್ದೆಯ ಅಂಚಿನಲ್ಲಿ ನಿಂತರೆ ನನಗೆ ಎದೆ ಅಗಲವಾಗುತ್ತಿತ್ತು.

ಅದಕ್ಕೇ ಶೀನ ಕೈ ಹಾಕಿದ್ದು.

ಹೊಳೆಯ ಉಪ್ಪುನೀರು ಒಳಗೆ ಬಾರದಂತೆ ಕಟ್ಟ, ಕಟ್ಟಕ್ಕೊಂದು ಬಾಯಿ, ಬಾಯಿಗೆ ಮರದ ಹಲಗೆ. ಸುಗ್ಗಿ ಬೆಳೆ ಹೊಡೆ ತುಂಬಿ ನಿಂತಿತ್ತು. ಹುಣ್ಣಿಮೆಯ ಭರತ, ಅಂದರೆ ಸಮುದ್ರದ ಉಬ್ಬರ, ಇಳಿದ ಬೆಳಿಗ್ಗೆ ಹೋಗಿ ನೋಡುತ್ತೇನೆ, ಹಲಗೆ ಕಟ್ಟದ ಮೇಲೆ ಒರಗಿಸಿಟ್ಟಿದೆ, ಗದ್ದೆಯಲ್ಲಿ ಏಡಿ ಓಡಾಡುತ್ತಿವೆ. ನಾಲ್ಕು ದಿನದಲ್ಲಿ ಪೈರು ಬಿಳಿಚಿತು. ಆಮೇಲೆ ಮಳೆಗಾಲದಲ್ಲಿ ಹಾಕಿದ ಬೆಳೆಯೂ ಅರ್ಧಕ್ಕೆ ನಿಂತಿತು. ಆಚೆ ದಂಡೆಯ ಶೀನ ಕಟ್ಟದ ಮೇಲೆ ನಿಂತಿದ್ದನ್ನು ಇಬ್ಬರು ಕಂಡಿದ್ದರು. ಪಟೇಲರು ಕಳಿಸಿದ ಊರಿನ ಉಗ್ರಾಣಿ ಬಂದು ನೋಡಿ, ಭರತ ಜೋರಿತ್ತು, ಹಲಗೆ ಹಳೆಯದು ಎಂದು ಹೇಳಿ ಹೋದ.

ಶೀನನನ್ನು ಜೈಲಿಗೆ ಕಳಿಸಬೇಕೆಂದು ನಾನು ಐತಾಳರ ಎಡ ಚಾಪೆಯಲ್ಲಿ ಕೂತೆ. ಉಗ್ರಾಣಿಯ ಮಾತು ಕೇಳಿ ಅವರು ಹೇಳಿದರು: "ನೀರ್ ಎಂತಕ್ಕೆ ಬಂತ್ ಅಂದ್ರೆ ಭರತ ಅಂದ್ರೆ ಸಾಕ್. ಹಲಗೆ ಎಂತಕ್ಕೆ ಎದ್ತ್ ಅಂದ್ರೆ ಭರತ ಸಾಕಾತಿಲ್ಲೆ. ಅಲ್ಲಿ ಒಬ್ಬ ಮನ್ಷ ಇದ್ದ. ಆಚೆ ಹೋಯ್ನಿ, ಶೆಟ್ರೆ."

"ಐತಾಳ್ರೆ, ಅವ ಹಲ್ಕಟ್. ಅಷ್ಟೇ ಅರ್ಥ ಇಪ್ಪುದ್."

"ಹಲ್ಕಟ್ ಅಂಬುದ್ ಈಚೆ ಚಾಪೆ ಮಾತ್. ಆಚೆ ಚಾಪೆಲ್ ಕೂಕಂಡ್ ಯಾರೂ ತನ್ನನ್ನ ಹಲ್ಕಟ್ ಅಂಬುದಿಲ್ಲೆ."

ಎರಡು ದಿನ ನನ್ನಿಂದ ಆಗಲಿಲ್ಲ. ಮೂರನೆಯ ದಿನ ಹಲ್ಲು ಕಚ್ಚಿ ಕೂತು ಶುರು ಮಾಡಿದೆ: ನಾನು ಶೀನ. ಅಪ್ಪಯ್ಯ ಮಲಗಿದ್ದಾರೆ. ಅವರ ಔಷಧಕ್ಕೆ, ಅವರೇ ಕರುವಿನಿಂದ ಸಾಕಿದ ಕೋಣದ ಜೋಡಿಯನ್ನು ಕಡವಿನ ಬುಡಕ್ಕೆ ಹೊಡೆದುಕೊಂಡು ಬಂದೆ. ಶೆಟ್ಟರು ದೊಡ್ಡ ಕೋಣದ ತುಟಿ ಎತ್ತಿ ನೋಡಿದರು...

ಅಲ್ಲಿಗೆ ನನ್ನ ಬಾಯಿ ನಿಂತಿತು. ಆ ದಿನ ಕಡವಿನಲ್ಲಿ ದೋಣಿಗೆ ಕಾದವರೆಲ್ಲ ಕೇಳುವಂತೆ ನಾನು ಹೇಳಿದ್ದೆ: "ಎಂತ ಶೀನ, ಇದಕ್ಕೂ ನಿನ್ನ ಅಪ್ಪಯ್ಯಂಗೂ ಹಲ್ಲು ಒಂದೇ ಲೆಕ್ಕ ಇತ್ತಲ್ದಾ? ಎರಡರಲ್ಲಿ ಯಾವುದನ್ನ ಮಾರುಕೆ ತಂದದ್ದ್?" ಜನ ನಕ್ಕರು, ಬೆಲೆ ಇಳಿಯಿತು. ವ್ಯಾಪಾರದಲ್ಲಿ ಇಂಥ ಮಾತು ದಿನಕ್ಕೆ ಹತ್ತು ಆಡುತ್ತಿದ್ದೆ. ಅವನ ಅಪ್ಪ ಹೂವಯ್ಯ ಅದೇ ವಾರ ತೀರಿಕೊಂಡದ್ದು ನನಗೆ ಆಮೇಲೆ ಗೊತ್ತಾಯಿತು, ಗೊತ್ತಾಗಿ ಮರೆತೂ ಹೋಗಿತ್ತು.

ಐತಾಳರು ಪೆನ್ನು ಕೆಳಗಿಟ್ಟು, "ಈಗ ಅರ್ಜಿ ಬರಿಲಾ?" ಎಂದರು.

"ಬೇಡ."

ಅವರ ಮುಖ ಅರಳಿತು. ರಾಜಿಗೆ ಬಂದನೆಂದು ತಿಳಿದರು. ನಾನು ಎದ್ದದ್ದು ಬೇರೆ ಲೆಕ್ಕ ಹಾಕಿ. ಜೈಲಿಗೆ ಹೋದವನು ತಿರುಗಿ ಬರುತ್ತಾನೆ. ಇವನಿಗೆ ನೋವು ಎಲ್ಲಿದೆಯೆಂದು ಈಗ ನನಗೆ ಗೊತ್ತು, ಆ ಜಾಗಕ್ಕೆ ಕೋರ್ಟು ಮುಟ್ಟುವುದಿಲ್ಲ.

ಬ್ರಹ್ಮಾವರಕ್ಕೆ ಹೋಗಿ, ಮಾರಿದ ಬೆಲೆಗಿಂತ ಹೆಚ್ಚು ಕೊಟ್ಟು ಅದೇ ದೊಡ್ಡ ಕೋಣವನ್ನು ತಿರುಗಿ ತಂದೆ. ನನ್ನ ಜೀವಮಾನದಲ್ಲಿ ಚೌಕಾಸಿ ಮಾಡದೆ ಕೊಂಡದ್ದು ಅದೊಂದೇ. ಅದರ ಹಿಂದೆಯೇ ಐತಾಳರು ಹೇಳಿಕಳಿಸಿದರು: ಸೋಮವಾರ ಒಮ್ಮೆ ಬಂದು ಹೋಗಿ, ತುರ್ತಿದೆ. ರಾಜಿಯ ಉಪದೇಶ ಇದ್ದದ್ದೇ ಎಂದು ನಾನು ಹೋಗಲಿಲ್ಲ. ಆ ಸೋಮವಾರ ಬೆಳಿಗ್ಗೆಯೇ ಶೀನನ ಅಂಗಳಕ್ಕೆ ಎದುರಾಗಿ ಅದನ್ನು ನನ್ನದೊಂದು ಕೋಣದ ಜೊತೆ ನೊಗಕ್ಕೆ ಕಟ್ಟಿ, ಉಪ್ಪು ಕುಡಿದ ನೆಲದಲ್ಲಿ ಉಳಲು ಹೊರಟೆ. ಸುತ್ತಿಗೊಮ್ಮೆ ಬಾರುಕೋಲು ಎತ್ತಿ, ಕೋಣಕ್ಕೆ ಅವನ ಅಪ್ಪನ ಹೆಸರಿಟ್ಟು, ಆಚೆ ದಂಡೆಗೆ ಕೇಳುವಂತೆ ಕೂಗಿದೆ:

"ನಡಿ ಹೂವಯ್ಯ. ಸೋಮಾರಿ ಮುದ್ಕ, ಕಾಲ್ ಎತ್ತ್."

ಮೊದಲ ದಿನ ಶೀನ ಅಂಗಳದಲ್ಲಿ ಕೂತು ತೆಂಗಿನ ಮಡಲು ಹೆಣೆಯುತ್ತಿದ್ದ. ಕೈ ನಿಂತಿತು. ತಲೆ ಎತ್ತಲಿಲ್ಲ. ಆ ಬೆನ್ನು ಬಗ್ಗಿದ್ದನ್ನು ಕಂಡಾಗ ನನಗಾದ ಸುಖವನ್ನು ಮುಚ್ಚಿಡುವುದಿಲ್ಲ. ಹೊಟ್ಟೆ ತುಂಬ ಉಂಡ ಹಾಗಿತ್ತು. ಹದಿನೈದು ದಿನ ಕೂಗಿದೆ. ಉಳಲು ಏನೂ ಉಳಿಯದಿದ್ದಾಗಲೂ ಉತ್ತೆ. ಮಳೆಗಾಲಕ್ಕೆ ಮೊದಲು ಶೀನ ಮನೆಗೆ ಅಗಳಿ ಹಾಕಿ, ತಾಯಿಯನ್ನು ಕರೆದುಕೊಂಡು ಬೊಂಬಾಯಿಯ ದಾರಿ ಹಿಡಿದ.

ಐತಾಳರನ್ನು ಕೊನೆಯ ಬಾರಿ ಕಂಡದ್ದು ಕುಂದಾಪುರದ ಕಡವಿನಲ್ಲಿ. ದೋಣಿ ಆಚೆಯಿತ್ತು. ನಾನೇ ಹತ್ತಿರ ಹೋಗಿ ಮಾತಾಡಿಸಿದೆ. ಅವರು ಹೊಳೆಯನ್ನೇ ನೋಡುತ್ತ ಕೇಳಿದರು: "ಶೀನನ ಹತ್ರ ಕೇಂಡ್ರ್ಯಾ, ನೀವು ಆಚೆ ಚಾಪೆಲ್ ಹೇಳಿದ್ದ್ ಹೌದಾ ಅಂದ್?"

"ಕೇಂಬುದ್ ಎಂತಕ್ಕೆ? ಅವನ ಬೆನ್ನಲ್ಲೇ ಕಂಡಿತ್ತಲ್ಲ."

"ಅವ ನನ್ನಲ್ಲಿಗ್ ಬಂದಿದ್ದ, ಶೆಟ್ರೆ. ನೀವು ಎದ್ದ್ ಹೋದ ಮಾರನೇ ದಿನ. ನಾನ್ ಕರ್ದದ್ದಲ್ಲ. ತಪ್ಪೊಪ್ಪಿಗೆ ಬರ್ಸುಕೆ ಬಂದದ್ದ್."

ಐತಾಳರು ಹೊಳೆಯಿಂದ ಕಣ್ಣು ತೆಗೆಯದೆ ಮುಂದುವರಿಸಿದರು:

"ಅವನನ್ನೂ ಆಚೆ ಚಾಪೆಗೆ ಕಳ್ಸಿದೆ. ನಿಮ್ಮ್ ಅರ್ಥ ಅವ ಹೇಳ್ದ. ಶೆಟ್ರಿಗೆ ಅಪ್ಪಯ್ಯನ ಮೇಲೆ ಎಂತದೂ ಇಲ್ಲೆ, ಬೆಲೆ ಇಳ್ಸುಕೆ ಬಾಯಿಗ್ ಬಂದದ್ದ್ ಹೇಳಿರ್, ಬಡತನದಿಂದ ಮೇಲೆ ಬಂದವ್ರ್, ನಾಲ್ಗೆ ಬಿಟ್ರೆ ಅವ್ರಿಗೆ ಬೇರೆ ಬಂಡವಾಳ ಇಲ್ಲೆ ಅಂದ. ತನ್ನ ಕಣಜದಿಂದ ನಿಮ್ಮ್ ಬೆಳೆ ತುಂಬಿ ಕೊಡ್ತೆ ಅಂದ. ಸೋಮವಾರ ನಿಮ್ಮಿಬ್ರನ್ನೂ ಕೂರ್ಸ್ಕ್ ಅಂದ್ ಇದ್ದೆ. ಅವ ಬಪ್ಪುಕೆ ಹೊರಡುಕಿದ್ದವ ನಿಮ್ಮ್ ಕೂಗ್ ಕೇಂಡ್ ಅಂಗಳದಿಂದ ಎದ್ದದ್ದೇ ಇಲ್ಲೆ."

ದೋಣಿ ಬಂತು. ಅವರು ಹತ್ತಿದರು. ನಾನೂ ಕಾಲಿಟ್ಟೆ, ಅವರು ಇಳಿದರು.

"ನೀವು ಹೋಯ್ನಿ," ಎಂದರು. "ನಾನ್ ಆಚೆ ಚಾಪೆ ಹಾಸಿದ್ದ್ ಕೂಕಂಬುಕೆ. ನೀವು ಅದನ್ನ ಸುತ್ತಿ, ಬಡಿಗೆ ಮಾಡಿ ತಕಂಡ್ ಹೋದ್ರಿ. ನಾನ್ ಮುಂದಿನ ದೋಣಿಲ್ ಬತ್ತೆ."

ಆ ವರ್ಷವೇ ಅವರು ತೀರಿಕೊಂಡರು. ಜ್ವರವೆಂದು ಕೇಳಿದೆ. ಜಗಲಿಗೆ ಹೋಗಿ ನೋಡಿದರೆ, ಕೊನೆಯ ತಿಂಗಳುಗಳಲ್ಲಿ ಅವರೂ ಬೇರೆಯವರಂತೆ ಒಂದೇ ಚಾಪೆ ಇಟ್ಟುಕೊಂಡಿದ್ದರೆಂದು ಪಕ್ಕದವನು ಹೇಳಿದ. ಸಂಪಾದನೆ ಚೆನ್ನಾಗಿತ್ತಂತೆ. ಬಲಗಡೆ ಸಗಣಿ ಸಾರಿಸಿದ ನೆಲದಲ್ಲಿ ಚಾಪೆಯಗಲದ ಒಂದು ಬಣ್ಣ ಬೇರೆಯಾಗಿಯೇ ಉಳಿದಿತ್ತು.

ಶೀನನ ಮೇಲೆ ಸಿಟ್ಟು ಹೋಗಿದೆಯೇ ಎಂದು ಕೇಳಬೇಡಿ. ಬಿಳಿಚಿದ ಪೈರು ನೆನಪಾದರೆ ಈಗಲೂ ಕೈ ಬಿಗಿಯುತ್ತದೆ. ಆದರೆ ಆ ಕಣಜದ ಭತ್ತ ನನ್ನ ಅಂಗಳಕ್ಕೆ ಬರಲು ಒಂದು ಸೋಮವಾರವಷ್ಟೇ ಬಾಕಿ ಇತ್ತು. ಆ ಸಿಟ್ಟನ್ನು ಯಾರ ಮೇಲೆ ಇಳಿಸುವುದೆಂದು ನನಗೆ ಇನ್ನೂ ತಿಳಿದಿಲ್ಲ.

ಓದುವವರಿಗೆ ನನ್ನ ಸಲಹೆ ಇಷ್ಟು. ಯಾರಾದರೂ ನಿಮಗೆ ಕೇಡು ಮಾಡಿದರೆ, ಭರತ ಎಷ್ಟಿತ್ತು, ಹಲಗೆ ಎಷ್ಟು ಹಳೆಯದು ಎಂದು ಅಳೆಯಿರಿ, ಅದೂ ಬೇಕು. ಆಮೇಲೆ ಒಂದು ಚಾಪೆ ಹಾಸಿ ಅವನ ಕಡೆಯಿಂದ ಗಟ್ಟಿಯಾಗಿ ಮಾತಾಡಿ. ನಿಮ್ಮದೇ ಮಾತು ಅಲ್ಲಿ ಸಿಕ್ಕಿದರೆ ಹೆದರಬೇಡಿ, ನನಗೂ ಸಿಕ್ಕಿತ್ತು. ಆದರೆ ಅಲ್ಲಿ ಸಿಕ್ಕಿದ್ದನ್ನು ಎತ್ತಿಕೊಂಡು ಹೊಡೆಯಲು ಹೊರಡಬೇಡಿ. ಅವನ ಮನೆಗೇ ಹೋಗಿ, ಹೀಗೆಯೇ ಹೌದಾ ಎಂದು ಕೇಳಿ. ನಡುವಿನವರು ಸೋಮವಾರ ಬನ್ನಿ ಎಂದರೆ ಸೋಮವಾರವೇ ಹೋಗಿ. ಅವನು ಹೌದೆಂದು ತಲೆ ಹಂದಿಸುವವರೆಗೆ, ಕೋಣಕ್ಕೆ ಹೆಸರಿಡಬೇಡಿ.